ಮ್ಯೂಸ್‌ಸ್ಕೋರ್, ಲಿಲಿಪಾಂಡ್ ಲಿನಕ್ಸ್‌ನಲ್ಲಿ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ

ಮ್ಯೂಸ್‌ಸ್ಕೋರ್, ಲಿಲಿಪಾಂಡ್ ಎರಡೂ ಸ್ವರಲಿಪಿ ಬರೆಯುವ ತಂತ್ರಾಂಶಗಳು; ಮೊದಲನೆಯದರಲ್ಲಿ ಪರದೆಯ ಮೇಲೆಯೇ ಸ್ವರ ಇಡುತ್ತೇವೆ, ಎರಡನೆಯದರಲ್ಲಿ ಪಠ್ಯವಾಗಿ ಟೈಪಿಸುತ್ತೇವೆ. ಮ್ಯೂಸ್‌ಸ್ಕೋರಿನ ಫೈಲು ಇಳಿದಿದೆ. ಅದರ ಮೇಲೆ ಎರಡು ಸಲ ಒತ್ತಿದರೆ ಮೌಸಿನ ಬಾಣ ಒಂದು ಗಳಿಗೆ ಸುತ್ತಿ ಸುಮ್ಮನಾಗುತ್ತದೆ. ಕಿಟಕಿಯೂ ತೆರೆಯುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಆಗ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಅಳಿಸಿ ಮತ್ತೆ ಹಾಕುವುದು. ಅದರಿಂದ ವಾಸಿಯಾಗುವ ದೋಷವೂ ಒಂದೇ, ಅರ್ಧಕ್ಕೆ ನಿಂತ ಡೌನ್‌ಲೋಡ್. ಉಳಿದ ತೊಂದರೆಗಳು ತಂತ್ರಾಂಶದೊಳಗೆ ಇರುವುದಿಲ್ಲ, ಅದರ ಸುತ್ತಮುತ್ತ ಇರುತ್ತವೆ: ಫೈಲಿನ ಅನುಮತಿ, ಹಳೆಯ ಲೈಬ್ರರಿ, ಪರದೆಯ ಡ್ರೈವರ್, ಧ್ವನಿಯ ದಾರಿ, ಕನ್ನಡ ಫಾಂಟು. ಹತ್ತು ಸಲ ಮರಳಿ ಹಾಕಿದರೂ ಇವು ಇದ್ದಲ್ಲೇ ಇರುತ್ತವೆ. ದೋಷ ಯಾವ ಪದರದಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡರೆ ಪರಿಹಾರ ಸಾಮಾನ್ಯವಾಗಿ ಒಂದು ಸಾಲಿನ ಕಮಾಂಡ್.

ತುಮಕೂರು ಕಡೆ ಸ್ವರಲಿಪಿ ತಂತ್ರಾಂಶ ಬೇಕಾಗುವುದು ಶಾಲಾ ಬ್ಯಾಂಡಿನ ಮೇಷ್ಟ್ರಿಗೆ, ಚರ್ಚಿನ ಗಾಯನವೃಂದಕ್ಕೆ, ರಂಗಗೀತೆಗಳ ಮಟ್ಟನ್ನು ಬರೆದಿಡಲು ಹೊರಟವರಿಗೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಹಾರ್ಮೋನಿಯಂ ಮೇಲೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದ ಮಟ್ಟುಗಳು ಕಾಗದಕ್ಕಿಳಿಯದೆ ಕಳೆದುಹೋಗಬಾರದು. ಇವರಲ್ಲಿ ಹೆಚ್ಚಿನವರ ಕೈಲಿರುವುದು 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್. ಸಾಹಿತ್ಯವಂತೂ ಕನ್ನಡದ್ದೇ. ಕೆಳಗಿನದನ್ನು ಆ ಸ್ಥಿತಿಗೆ ಹೊಂದುವಂತೆ, ಉಬುಂಟು 22.04 ಮತ್ತು 24.04, ಅವುಗಳ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 21 ಮತ್ತು 22, ಹಾಗೂ ಡೆಬಿಯನ್ 12 ಎಂಬ ಲಿನಕ್ಸ್ ಬಗೆಗಳನ್ನು (ಡಿಸ್ಟ್ರೋಗಳನ್ನು) ಮನಸ್ಸಿನಲ್ಲಿಟ್ಟು ಬರೆದಿದೆ.

ಕಮಾಂಡ್‌ಗಳನ್ನು ಓದಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಹೈಫನ್, ಚುಕ್ಕಿ, ಓರೆಗೆರೆ ಇದ್ದಂತೆಯೇ ಹಾಕಬೇಕು.

ಇಳಿಸುವ ಮೊದಲು ಎರಡು ಪ್ರಶ್ನೆ

ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು «ಯುನೇಮ್ -ಎಮ್» ಕೊಡಿ. ಉತ್ತರದಲ್ಲಿ ಎಕ್ಸ್86 ಅಂಡರ್‌ಸ್ಕೋರ್ 64 ಎಂದು ಬಂದರೆ ಯಂತ್ರ, ಸಿಸ್ಟಮ್ ಎರಡೂ 64 ಬಿಟ್. ಐ686 ಎಂದು ಬಂದರೆ ನಿಮ್ಮಲ್ಲಿರುವುದು 32 ಬಿಟ್ ಲಿನಕ್ಸ್. ಮ್ಯೂಸ್‌ಸ್ಕೋರ್ 4 ಅದರಲ್ಲಿ ಓಡುವುದೇ ಇಲ್ಲ, ಲಿಲಿಪಾಂಡ್ 2.24ರ ಅಧಿಕೃತ ಕಟ್ಟೂ 64 ಬಿಟ್‌ಗೆ ಮಾತ್ರ. ಅಂಥ ಯಂತ್ರಕ್ಕೆ ಡೆಬಿಯನ್ 12ರ 32 ಬಿಟ್ ಆವೃತ್ತಿ ಹಾಕಿಕೊಂಡು ಅದರ ಭಂಡಾರದಲ್ಲಿರುವ ಮ್ಯೂಸ್‌ಸ್ಕೋರ್3 ಅಥವಾ ಲಿಲಿಪಾಂಡ್ ಬಳಸುವುದೇ ದಾರಿ. ಆದರೆ ಪ್ರೊಸೆಸರ್ 64 ಬಿಟ್ ಇದ್ದೂ ಯಾರೋ 32 ಬಿಟ್ ಲಿನಕ್ಸ್ ಹಾಕಿಕೊಟ್ಟಿರುವುದು ಉಂಟು. «ಎಲ್‌ಎಸ್‌ಸಿಪಿಯು» ಕೊಟ್ಟು ಆಪ್-ಮೋಡ್ ಸಾಲು ನೋಡಿ. ಅಲ್ಲಿ 32 ಮತ್ತು 64 ಎರಡೂ ಇದ್ದರೆ ಲಿನಕ್ಸನ್ನೇ 64 ಬಿಟ್‌ಗೆ ಬದಲಿಸುವುದು ಲೇಸು.

ಎರಡನೆಯದು «ಎಲ್‌ಡಿಡಿ --ವರ್ಶನ್». ಇದು ಗ್ಲಿಬ್‌ಸಿ ಎಂಬ ತಳಪಾಯದ ಲೈಬ್ರರಿ (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್) ಎಷ್ಟು ಹೊಸದು ಎಂದು ಹೇಳುತ್ತದೆ. ಉಬುಂಟು 18.04ರಲ್ಲಿ 2.27, 20.04ರಲ್ಲಿ 2.31, 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಪ್ಟ್ ಮೂಲಕ ಹಾಕಿದಾಗಿನ ಬಲೆ

ಆಪ್ಟ್ ಎಂದರೆ ಡಿಸ್ಟ್ರೋದ ಭಂಡಾರದಿಂದ ತಂತ್ರಾಂಶ ತಂದು ಹಾಕುವ ಕಮಾಂಡ್; ಅದರ ಮೊದಲು ಬರುವ ಸುಡೊ ಮೇಲ್ವಿಚಾರಕರ ಅಧಿಕಾರ ಕೊಡುತ್ತದೆ. ಉಬುಂಟು 22.04ರಲ್ಲಿ «ಸುಡೊ ಆಪ್ಟ್ ಇನ್‌ಸ್ಟಾಲ್ ಮ್ಯೂಸ್‌ಸ್ಕೋರ್» ಎಂದರೆ ತಕರಾರಿಲ್ಲದೆ ಇನ್‌ಸ್ಟಾಲ್ ಆಗುತ್ತದೆ, ತೆರೆಯುತ್ತದೆ. ಆದರೆ ಬಂದಿರುವುದು 2.3.2. ಬೇರೆಯವರು ಮ್ಯೂಸ್‌ಸ್ಕೋರ್ 4ರಲ್ಲಿ ಬರೆದು ಕಳಿಸಿದ ಫೈಲನ್ನು ಅದು ಓದಲಾರದು. «ಮ್ಯೂಸ್‌ಸ್ಕೋರ್3» ಎಂದು 3 ಸೇರಿಸಿ ಕೇಳಿದರೆ ಬರುವುದು 3.2.3, ಅದೂ 4ರ ಫೈಲಿಗೆ ಸಾಲದು. ಇದು ಇನ್‌ಸ್ಟಾಲೇಶನ್ ದೋಷವಲ್ಲ. ಡಿಸ್ಟ್ರೋಗಳು ಒಂದು ಆವೃತ್ತಿಯನ್ನು ಕಟ್ಟಿ ನಿಲ್ಲಿಸಿ ವರ್ಷಗಟ್ಟಲೆ ಹಾಗೇ ಇಡುತ್ತವೆ. ಫೈಲು ಕೆಟ್ಟಿದೆ ಎಂದು ಕಳಿಸಿದವರಿಗೆ ಫೋನ್ ಮಾಡುವ ಮೊದಲು ಹೆಲ್ಪ್ ಮೆನುವಿನ ಅಬೌಟ್ ಕಿಟಕಿಯಲ್ಲಿ ಆವೃತ್ತಿ ನೋಡಿ.

4 ಬೇಕಾದರೆ ಎರಡು ದಾರಿ: ಆಪ್‌ಇಮೇಜ್ ಅಥವಾ ಫ್ಲ್ಯಾಟ್‌ಪ್ಯಾಕ್. ಹಾಟ್‌ಸ್ಪಾಟ್ ಡೇಟಾದಲ್ಲಿ ಕೆಲಸ ಮಾಡುವವರಿಗೆ ಆಪ್‌ಇಮೇಜ್ ವಾಸಿ. ಅದು ಒಂದೇ ಫೈಲು, ಪೆನ್‌ಡ್ರೈವಿನಲ್ಲಿ ಹಾಕಿ ಶಾಲೆಯ ಐದು ಯಂತ್ರಗಳಿಗೂ ಹಂಚಬಹುದು. ಫ್ಲ್ಯಾಟ್‌ಪ್ಯಾಕ್ ತನ್ನ ಜತೆಗೆ ರನ್‌ಟೈಮ್ ಎಂಬ ಲೈಬ್ರರಿಗಳ ದೊಡ್ಡ ಗಂಟನ್ನೂ ಎಳೆದು ತರುತ್ತದೆ. ಆದರೆ ಗ್ಲಿಬ್‌ಸಿ ಹಳೆಯದಾದ ಯಂತ್ರಕ್ಕೆ ಆ ಗಂಟೇ ಆಸರೆ.

ಆಪ್‌ಇಮೇಜ್ ತೆರೆಯುತ್ತಿಲ್ಲ

ಐಕಾನ್ ಒತ್ತುವುದನ್ನು ಬಿಟ್ಟು ಟರ್ಮಿನಲ್‌ನಿಂದ ಓಡಿಸಿ. «ಸಿಡಿ» ಕೊಟ್ಟು ಫೈಲಿರುವ ಫೋಲ್ಡರಿಗೆ ಹೋಗಿ, ಚುಕ್ಕಿ, ಓರೆಗೆರೆ, ಆಮೇಲೆ ಫೈಲಿನ ಹೆಸರು. ಮೊದಲ ಎರಡಕ್ಷರ ಟೈಪಿಸಿ ಟ್ಯಾಬ್ ಒತ್ತಿದರೆ ಪೂರ್ತಿ ಹೆಸರು ತಾನೇ ಬರುತ್ತದೆ. ಈಗ ಮಾತಾಡದ ಫೈಲು ಮಾತಾಡುತ್ತದೆ. ಹತ್ತು ಸಾಲು ಬಂದರೂ ಹೆದರಬೇಕಿಲ್ಲ. ಕೊನೆಯ ಎರಡು ಸಾಲು ಓದಿ, ಬಹುತೇಕ ಉತ್ತರ ಅಲ್ಲೇ ಇರುತ್ತದೆ.

«ಪರ್ಮಿಶನ್ ಡಿನೈಡ್» ಎಂದರೆ ಫೈಲಿಗೆ ಓಡುವ ಅನುಮತಿ ಇಲ್ಲ. «ಸಿಎಚ್‌ಮಾಡ್ +ಎಕ್ಸ್» ಮತ್ತು ಫೈಲಿನ ಹೆಸರು ಕೊಡಿ. ಕೊಟ್ಟ ಮೇಲೂ ಅದೇ ಸಂದೇಶ ಬಂದರೆ ಫೈಲು ಎಲ್ಲಿದೆ ನೋಡಿ. ಪೆನ್‌ಡ್ರೈವಿನಿಂದಲೇ ನೇರವಾಗಿ ಓಡಿಸುತ್ತಿದ್ದರೆ ಆಗುವುದು ಇದೇ. ಫ್ಯಾಟ್32, ಎಕ್ಸ್‌ಫ್ಯಾಟ್ ಡ್ರೈವುಗಳು ಲಿನಕ್ಸ್‌ನ ಅನುಮತಿಗಳನ್ನು ಇಟ್ಟುಕೊಳ್ಳುವುದಿಲ್ಲ, ಅವುಗಳನ್ನು ಓಡಿಸಲಾಗದ ರೀತಿಯಲ್ಲೇ ಮೌಂಟ್ ಮಾಡಿರುವುದೂ ಉಂಟು. ಹೋಮ್ ಫೋಲ್ಡರಿಗೆ ನಕಲಿಸಿ, ಅಲ್ಲಿ ಅನುಮತಿ ಕೊಡಿ.

«ಎಕ್ಸೆಕ್ ಫಾರ್ಮ್ಯಾಟ್ ಎರರ್» ಎಂದರೆ ಯಂತ್ರಕ್ಕೂ ಫೈಲಿಗೂ ಜಾತಿ ಬೇರೆ. 32 ಬಿಟ್ ಸಿಸ್ಟಮ್‌ನಲ್ಲಿ 64 ಬಿಟ್ ಫೈಲು, ಇಲ್ಲವೇ ಇಂಟೆಲ್ ಯಂತ್ರಕ್ಕೆ ಆರ್ಮ್ ಫೈಲು ತಂದಿದ್ದೀರಿ.

ಸ್ಕ್ವಾಷ್‌ಎಫ್‌ಎಸ್ (ಆಪ್‌ಇಮೇಜ್ ಒಳಗೆ ಒತ್ತಿಟ್ಟ ಫೈಲುಗಳ ಗಂಟು) ತೆರೆಯಲಾಗಲಿಲ್ಲ ಎಂಬ ಅರ್ಥದ ಸಂದೇಶ ಬಂದರೆ ಫೈಲು ಅರ್ಧ ಇಳಿದಿದೆ. ಮಧ್ಯಾಹ್ನ ಕರೆಂಟ್ ಹೋಗಿ ರೂಟರ್ ಆರಿದಾಗ ಬ್ರೌಸರ್ ಕೆಲವೊಮ್ಮೆ ಮುಗಿಯಿತು ಎಂದೇ ತೋರಿಸಿಬಿಡುತ್ತದೆ. «ಎಲ್‌ಎಸ್ -ಎಲ್» ಕೊಟ್ಟು ಬೈಟುಗಳ ಲೆಕ್ಕವನ್ನು ಇಳಿಸಿದ ಪುಟದಲ್ಲಿ ಕೊಟ್ಟ ಗಾತ್ರಕ್ಕೆ ಹೋಲಿಸಿ. ಬ್ರೌಸರ್ ಬದಲು «ಡಬ್ಲ್ಯುಗೆಟ್ -ಸಿ» ಜತೆಗೆ ಲಿಂಕ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಇಳಿದಷ್ಟು ಡೇಟಾ ಹಾಳಾಗುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಲಿಬ್‌ಫ್ಯೂಸ್.ಎಸ್‌ಒ.2 ಸಿಗಲಿಲ್ಲ, ಆಪ್‌ಇಮೇಜ್‌ಗೆ ಫ್ಯೂಸ್ ಬೇಕು ಎಂಬ ದೂರು. ಆಪ್‌ಇಮೇಜ್ ಎಂದರೆ ಮುಚ್ಚಿದ ಪೆಟ್ಟಿಗೆ. ಬಿಚ್ಚದೆ ಒಳಗಿರುವುದನ್ನು ಓದಲು ಅದಕ್ಕೆ ಫ್ಯೂಸ್ ಬೇಕು, ಅದರಲ್ಲೂ ಎರಡನೇ ಆವೃತ್ತಿ. ಉಬುಂಟು 22.04ರಿಂದ ಮೂರನೆಯದು ಮಾತ್ರ ಮೊದಲೇ ಬಂದಿರುತ್ತದೆ. 22.04 ಮತ್ತು ಡೆಬಿಯನ್ 12ರಲ್ಲಿ «ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ಯೂಸ್2», 24.04ರಲ್ಲಿ ಪ್ಯಾಕೇಜಿನ ಹೆಸರು «ಲಿಬ್‌ಫ್ಯೂಸ್2ಟಿ64». ಇಲ್ಲಿ ಎಚ್ಚರ ಬೇಕು: ಲಿಬ್ ಬಿಟ್ಟು ಬರೀ «ಫ್ಯೂಸ್» ಎಂದು ಹಾಕಬೇಡಿ. ಅದು ಫ್ಯೂಸ್3ನ್ನು ತೆಗೆದುಹಾಕುತ್ತದೆ, ಅದರ ಮೇಲೆ ನಿಂತ ಡೆಸ್ಕ್‌ಟಾಪಿನ ಭಾಗಗಳೂ ಜತೆಗೇ ಹೊರಟುಹೋಗಬಹುದು. ಆಪ್ಟ್ ಯಾವುದನ್ನಾದರೂ ತೆಗೆಯುತ್ತೇನೆಂದು ಪಟ್ಟಿ ಕೊಟ್ಟರೆ ವೈ ಒತ್ತುವ ಮೊದಲು ಆ ಪಟ್ಟಿ ಪೂರ್ತಿ ಓದಿ.

ಶಾಲೆಯ ಯಂತ್ರ, ನಿಮ್ಮಲ್ಲಿ ಸುಡೊ ಪಾಸ್‌ವರ್ಡ್ ಇಲ್ಲ ಎಂದಾದರೆ ಪೆಟ್ಟಿಗೆಯನ್ನೇ ಬಿಚ್ಚಿ. ಫೈಲಿನ ಹೆಸರಾದ ಮೇಲೆ «--ಆಪ್‌ಇಮೇಜ್-ಎಕ್ಸ್‌ಟ್ರ್ಯಾಕ್ಟ್» ಸೇರಿಸಿ ಓಡಿಸಿದರೆ ಸ್ಕ್ವಾಷ್‌ಎಫ್‌ಎಸ್-ರೂಟ್ ಎಂಬ ಫೋಲ್ಡರ್ ಹುಟ್ಟುತ್ತದೆ. ಅದರೊಳಗಿನ ಆಪ್‌ರನ್ ಎಂಬುದನ್ನು ಓಡಿಸಿ, ಅದರಲ್ಲಿ ಎ ಮತ್ತು ಆರ್ ದೊಡ್ಡಕ್ಷರ. ಫ್ಯೂಸ್ ಇಲ್ಲದೆಯೇ ಮ್ಯೂಸ್‌ಸ್ಕೋರ್ ತೆರೆಯುತ್ತದೆ.

ಬೇರಾವುದೋ ಎಸ್‌ಒ (ಲೈಬ್ರರಿ) ಫೈಲಿನ ಹೆಸರು ಹೇಳಿ ಷೇರ್ಡ್ ಆಬ್ಜೆಕ್ಟ್ ತೆರೆಯಲಾಗಲಿಲ್ಲ ಎಂದರೆ ಆ ಹೆಸರೇ ಸುಳಿವು. ಲಿಬ್‌ಓಪನ್‌ಜಿಎಲ್.ಎಸ್‌ಒ.0 ಕೇಳಿದರೆ «ಲಿಬ್‌ಓಪನ್‌ಜಿಎಲ್0» ಹಾಕಿ. ಕಿಟಕಿ, ಬಟನ್ ಬಿಡಿಸುವ ಕ್ಯೂಟಿ ಎಂಬ ಲೈಬ್ರರಿಯ ಎಕ್ಸ್‌ಸಿಬಿ ಪ್ಲಗಿನ್ ಸಿಕ್ಕರೂ ತೆರೆಯಲಾಗಲಿಲ್ಲ, ಕರ್ಸರ್ ಲೈಬ್ರರಿ ಬೇಕು ಎಂದರೆ «ಲಿಬ್‌ಎಕ್ಸ್‌ಸಿಬಿ-ಕರ್ಸರ್0». ಈ ಎರಡನೆಯದು ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಮೂಲಕ ಹೊಸ ಫ್ರೆಸ್ಕೊಬಾಲ್ಡಿ (ಲಿಲಿಪಾಂಡ್ ಫೈಲು ಬರೆಯುವ ಎಡಿಟರ್) ಹಾಕಿದವರಿಗೂ ಬರುತ್ತದೆ, ಏಕೆಂದರೆ ಕ್ಯೂಟಿ 6.5ರಿಂದ ಆ ಲೈಬ್ರರಿ ಕಡ್ಡಾಯವಾಯಿತು. ಹೆಸರು ಗುರುತು ಸಿಗದಿದ್ದರೆ «ಆಪ್ಟ್-ಫೈಲ್» ಹಾಕಿ, «ಸುಡೊ ಆಪ್ಟ್-ಫೈಲ್ ಅಪ್‌ಡೇಟ್» ಕೊಟ್ಟು, «ಆಪ್ಟ್-ಫೈಲ್ ಸರ್ಚ್» ಮುಂದೆ ಎಸ್‌ಒ ಹೆಸರು ಕೊಡಿ. ಯಾವ ಪ್ಯಾಕೇಜಿನಲ್ಲಿದೆ ಎಂದು ಹೇಳುತ್ತದೆ.

ಆದರೆ ಸಂದೇಶದಲ್ಲಿ ಗ್ಲಿಬ್‌ಸಿ ಮತ್ತು ಒಂದು ಸಂಖ್ಯೆ ಬಂದು «ನಾಟ್ ಫೌಂಡ್» ಎಂದಿದ್ದರೆ ಆ ದಾರಿ ಹಿಡಿಯಬೇಡಿ. ಮೊದಲು ಬರೆದಿಟ್ಟ ಸಂಖ್ಯೆ ಈಗ ನೋಡಿ: ಉದಾಹರಣೆಗೆ, ಕೇಳುತ್ತಿರುವುದು 2.35, ನಿಮ್ಮಲ್ಲಿರುವುದು 2.31. ಗ್ಲಿಬ್‌ಸಿಯನ್ನು ಎಲ್ಲಿಂದಲೋ ತಂದು ಕೈಯಾರೆ ತುರುಕಿದರೆ ಯಂತ್ರ ಬೂಟ್ ಆಗುವುದೇ ನಿಲ್ಲಬಹುದು. ಎಲ್ಲ ಪ್ರೋಗ್ರಾಮ್‌ಗಳೂ ಅದರ ಮೇಲೆ ನಿಂತಿವೆ. ಡಿಸ್ಟ್ರೋ ಮೇಲೇರಿಸಿ, ಇಲ್ಲವೇ ಫ್ಲ್ಯಾಟ್‌ಪ್ಯಾಕ್ ಹಿಡಿಯಿರಿ, ಇಲ್ಲವೇ ಮ್ಯೂಸ್‌ಸ್ಕೋರಿನ ಹಳೆಯ ಬಿಡುಗಡೆ ಹಾಕಿ.

ಓಡಿತು ಎಂದ ಮೇಲೆ ಮೆನುವಿನಲ್ಲಿ ಕಾಣಬೇಕಾದರೆ ಅದೇ ಫೈಲಿನ ಹೆಸರಾದ ಮೇಲೆ «ಇನ್‌ಸ್ಟಾಲ್» ಪದ ಸೇರಿಸಿ ಒಮ್ಮೆ ಓಡಿಸಿ. ಇದು ಫೈಲನ್ನು ಬೇರೆಡೆಗೆ ನಕಲಿಸುವುದಿಲ್ಲ, ಇದ್ದಲ್ಲಿಗೆ ಕೊಂಡಿ ಮಾತ್ರ ಹಾಕುತ್ತದೆ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್ ಗುಡಿಸಿದರೆ ಮೆನುವಿನ ಐಕಾನ್ ಸತ್ತುಹೋಗುತ್ತದೆ. ಮೊದಲೇ ಅದಕ್ಕೊಂದು ಶಾಶ್ವತ ಜಾಗ ಮಾಡಿ.

ತೆರೆಯಿತು, ಆದರೆ ಬಿಳಿ ಕಿಟಕಿ. ಇಲ್ಲವೇ ತೆರೆದು ಮುಚ್ಚುತ್ತದೆ

ಹಳೆಯ ಗ್ರಾಫಿಕ್ಸ್ ಚಿಪ್ ಮೇಲಿನ ಅನುಮಾನವನ್ನು ಒಂದೇ ಸಲಕ್ಕೆ ತೀರಿಸಿಕೊಳ್ಳಬಹುದು. ಫೈಲಿನ ಹೆಸರಿಗೆ ಮೊದಲು, ಅದೇ ಸಾಲಿನಲ್ಲಿ, ಪೂರ್ತಿ ದೊಡ್ಡಕ್ಷರದಲ್ಲಿ «ಲಿಬ್‌ಜಿಎಲ್_ಆಲ್ವೇಸ್_ಸಾಫ್ಟ್‌ವೇರ್=1» ಎಂದು ಹಾಕಿ ಓಡಿಸಿ. ಚೆನ್ನಾಗಿ ಬಂದರೆ ದೋಷ ಡ್ರೈವರಿನದು. ಚಿತ್ರ ಬರೆಯುವ ಕೆಲಸ ಪ್ರೊಸೆಸರಿಗೆ ಬೀಳುವುದರಿಂದ ಸ್ವಲ್ಪ ನಿಧಾನ, ಆದರೂ ಎರಡು ಪುಟದ ಹಾಡಿಗೆ ಸಾಕು. ವೇಲ್ಯಾಂಡ್ (ಪರದೆಯಲ್ಲಿ ಕಿಟಕಿ ತೋರಿಸುವ ಹೊಸ ವ್ಯವಸ್ಥೆ) ಸೆಷನ್ನಿನಲ್ಲಿ ಮೆನು ಎಲ್ಲೋ ತೆರೆಯುವುದು, ಕಿಟಕಿ ಜಿಗಿಯುವುದು ಆದರೆ ಲಾಗಿನ್ ಪರದೆಯ ಹಲ್ಲುಚಕ್ರ ಒತ್ತಿ ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಆರಿಸಿ ನೋಡಿ.

ಮೊದಲು ಸರಿಯಿದ್ದು ಈಗ ಬೀಳುತ್ತಿದ್ದರೆ ಸೆಟ್ಟಿಂಗ್ ಕೆಟ್ಟಿರಬಹುದು. ಆಪ್‌ಇಮೇಜ್ ಹೆಸರಾದ ಮೇಲೆ «-ಎಫ್», ಎಫ್ ದೊಡ್ಡಕ್ಷರ, ಕೊಟ್ಟು ಓಡಿಸಿದರೆ ಹೊಸದಾಗಿ ಬಂದಾಗಿನ ಸ್ಥಿತಿಗೆ ಮರಳುತ್ತದೆ. ಬರೆದ ಸ್ವರಲಿಪಿಗಳಿಗೆ ಏನೂ ಆಗುವುದಿಲ್ಲ, ನೀವು ಮಾಡಿಕೊಂಡ ಸೆಟ್ಟಿಂಗ್, ಶಾರ್ಟ್‌ಕಟ್‌ಗಳು ಮಾತ್ರ ಹೋಗುತ್ತವೆ. ಗಮನಿಸಿ: ಅಳಿಸಿ ಮತ್ತೆ ಹಾಕಿದರೂ ಈ ಸೆಟ್ಟಿಂಗ್‌ಗಳು ಹೋಮ್ ಫೋಲ್ಡರಿನ ಅಡಗಿದ .ಕಾನ್ಫಿಗ್ ಒಳಗೆ ಉಳಿದೇ ಇರುತ್ತವೆ. ಮರುಸ್ಥಾಪನೆಗೆ ಬಗ್ಗದ ದೋಷಗಳಲ್ಲಿ ಇದೂ ಒಂದು.

ಸ್ವರ ಕಾಣುತ್ತದೆ, ಕೇಳುವುದಿಲ್ಲ

ಯೂಟ್ಯೂಬ್ ಹಾಡುತ್ತದೆ, ಮ್ಯೂಸ್‌ಸ್ಕೋರ್ ಮೂಕ. ಹಾಗಾಗಿ ಸ್ಪೀಕರ್ ಸರಿಯಿದೆ, ತಂತ್ರಾಂಶವೇ ಕೆಟ್ಟಿದೆ ಎಂದುಕೊಳ್ಳುತ್ತೇವೆ. ನಿಜವಾಗಿ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಸ್ಪೀಕರಿಗೆ ಹೋಗುತ್ತಿರಬಹುದು. ಬ್ರೌಸರ್ ಹೋಗುವುದು ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ಮೂಲಕ; ಇವು ಎಲ್ಲ ಪ್ರೋಗ್ರಾಮ್‌ಗಳ ಶಬ್ದವನ್ನು ಬೆರೆಸಿ ಕಳಿಸುವ ಸೇವೆಗಳು. ಮ್ಯೂಸ್‌ಸ್ಕೋರ್ 4 ಸಾಮಾನ್ಯವಾಗಿ ಮಾತಾಡುವುದು ಆಲ್ಸಾ ಜತೆ, ಅದು ಸೌಂಡ್ ಕಾರ್ಡಿಗೆ ಹತ್ತಿರದ ಕೆಳಪದರ. 3ರಲ್ಲಿದ್ದ ಜ್ಯಾಕ್ ಎಂಬ ಇನ್ನೊಂದು ಧ್ವನಿ ಸೇವೆಯ ಬೆಂಬಲವನ್ನು 4.0ರಲ್ಲಿ ಬಿಟ್ಟರು. ಆಲ್ಸಾದಿಂದ ಪೈಪ್‌ವೈರಿಗೆ ಒಂದು ಸೇತುವೆ ಇರಬೇಕು. ಅದಿಲ್ಲದಿದ್ದರೆ ಮ್ಯೂಸ್‌ಸ್ಕೋರ್ ನೇರವಾಗಿ ಸೌಂಡ್ ಕಾರ್ಡಿನ ಬಾಗಿಲು ತಟ್ಟುತ್ತದೆ. ಒಳಗೆ ಬ್ರೌಸರಿನ ಶಬ್ದ ಕೂತಿದ್ದರೆ ಬಾಗಿಲು ತೆರೆಯುವುದಿಲ್ಲ, ಟರ್ಮಿನಲ್‌ನಲ್ಲಿ «ಡಿವೈಸ್ ಆರ್ ರಿಸೋರ್ಸ್ ಬಿಜಿ» ಎಂದು ಬರುತ್ತದೆ.

ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದರೂ ಶಬ್ದ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಅದೂ ಸೇತುವೆ ಇಲ್ಲದ ಲಕ್ಷಣವೇ. ಕಾರ್ಡ್ 0 ಎಚ್‌ಡಿಎಂಐ ಆಗಿದ್ದರೆ ಶಬ್ದ ಟಿವಿ ಕಡೆಗೆ ಹೋಗಿ ಎಲ್ಲೂ ಕೇಳಿಸದೆ ಇರಬಹುದು. «ಎಪ್ಲೇ -ಎಲ್» ಕಾರ್ಡುಗಳ ಪಟ್ಟಿ ಕೊಡುತ್ತದೆ.

«ಪ್ಯಾಕ್ಟಲ್ ಇನ್ಫೊ» ಕೊಟ್ಟು ಸರ್ವರ್ ನೇಮ್ ಸಾಲು ನೋಡಿ. ಪೈಪ್‌ವೈರ್ ಎಂಬ ಮಾತಿದ್ದರೆ «ಸುಡೊ ಆಪ್ಟ್ ಇನ್‌ಸ್ಟಾಲ್ ಪೈಪ್‌ವೈರ್-ಆಲ್ಸಾ». ಬರೀ ಪಲ್ಸ್‌ಆಡಿಯೊ ಇದ್ದರೆ, ಉಬುಂಟು 22.04ರಲ್ಲಿ ಸಾಮಾನ್ಯವಾಗಿ ಇರುವುದು ಅದೇ, «ಲಿಬ್‌ಅಸೌಂಡ್2-ಪ್ಲಗಿನ್ಸ್». ಆಮೇಲೆ ಲಾಗೌಟ್ ಮಾಡಿ ಮತ್ತೆ ಬನ್ನಿ. ಮ್ಯೂಸ್‌ಸ್ಕೋರಿನ ಪ್ರಿಫರೆನ್ಸಸ್‌ನಲ್ಲಿ ಆಡಿಯೊ ಸಾಧನ ಆರಿಸುವ ಜಾಗದಲ್ಲಿ ಡಿಫಾಲ್ಟ್ ಇರಲಿ, ಕಾರ್ಡಿನ ಹೆಸರನ್ನು ನೇರವಾಗಿ ಆರಿಸಿದರೆ ಸೇತುವೆ ತಪ್ಪಿಹೋಗುತ್ತದೆ.

ಇಷ್ಟಾದರೂ ಮೂಕವಾಗಿದ್ದರೆ ಮ್ಯೂಸ್‌ಸ್ಕೋರ್ ಮುಚ್ಚಿ, ಟರ್ಮಿನಲ್‌ನಲ್ಲಿ «ಸ್ಪೀಕರ್-ಟೆಸ್ಟ್ -ಸಿ 2 -ಟಿ ವೇವ್» ಕೊಡಿ. ಎಡ, ಬಲ ಎಂದು ಇಂಗ್ಲಿಷಿನಲ್ಲಿ ಧ್ವನಿ ಕೇಳಬೇಕು. ಕೇಳದಿದ್ದರೆ ತಪ್ಪು ಮ್ಯೂಸ್‌ಸ್ಕೋರಿನದಲ್ಲ. «ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*» ಕಾರ್ಡನ್ನು ಯಾರು ಹಿಡಿದಿದ್ದಾರೆಂದು ಹೆಸರಿಸುತ್ತದೆ. ಮಿಡಿ ಕೇಳಲೆಂದು ಹಿಂದೆಂದೋ ಹಾಕಿದ ಟಿಮಿಡಿಟಿ-ಡೀಮನ್ ಹಿನ್ನೆಲೆಯಲ್ಲಿ ಕೂತು ಕಾರ್ಡು ಬಿಡದಿರುವುದು ಹಳೆಯ ಕಾಯಿಲೆ. ಆ ಪ್ಯಾಕೇಜ್ ತೆಗೆದುಹಾಕಿ. «ಆಲ್ಸಾಮಿಕ್ಸರ್» ತೆರೆದಾಗ ಮಾಸ್ಟರ್ ಕೆಳಗೆ ಎಮ್‌ಎಮ್ ಎಂದಿದ್ದರೆ ಬಾಯಿ ಮುಚ್ಚಿದೆ ಎಂದರ್ಥ, ಎಮ್ ಕೀಲಿ ಒತ್ತಿ ಬಿಡಿಸಿ.

ಶಬ್ದ ಬರುತ್ತದೆ, ಆದರೆ ಚಟಪಟ ಎನ್ನುತ್ತದೆ ಎಂದಾದರೆ ಬಫರ್ (ಶಬ್ದವನ್ನು ಮೊದಲೇ ತುಂಬಿಟ್ಟುಕೊಳ್ಳುವ ಜಾಗ) ಚಿಕ್ಕದು. ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ 1024 ಮಾದರಿ ಎಂದರೆ ಸುಮಾರು 23 ಮಿಲಿಸೆಕೆಂಡು, 2048 ಎಂದರೆ 46. ಬರೆದು ಕೇಳುವುದಕ್ಕೆ 2048 ಇಡಿ, ತಡ ಗೊತ್ತಾಗುವುದೇ ಇಲ್ಲ. 4 ಜಿಬಿ ಯಂತ್ರದಲ್ಲಿ ಮ್ಯೂಸ್ ಸೌಂಡ್ಸ್ ಎಂಬ ಬೇರೆಯಾಗಿ ಇಳಿಸುವ ನಾದಸಂಗ್ರಹ ಬೇಡ. ಒಳಗೇ ಬರುವ ಎಂಎಸ್ ಬೇಸಿಕ್ ನಾದ ಅಷ್ಟು ಇಂಪಲ್ಲ, ಆದರೆ ಯಂತ್ರ ಉಸಿರಾಡುತ್ತದೆ.

ಕನ್ನಡ ಸಾಹಿತ್ಯ ಕೆಟ್ಟು ಬಂದಾಗ

ನಮ್ಮವರ ಹೆಚ್ಚು ಹೊತ್ತು ತಿನ್ನುವುದು ಇದು, ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದಿರುವುದೂ ಇದೇ. ಕೆಟ್ಟಿರುವ ಬಗೆಯನ್ನು ದಿಟ್ಟಿಸಿ ನೋಡಿ, ಬಗೆಯೇ ಕಾರಣ ಹೇಳುತ್ತದೆ.

ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದರೆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲ. «ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್» ಕೊಡಿ, ಏನೂ ಬಾರದಿದ್ದರೆ ಅದು ಖಾತ್ರಿ. «ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ» ಎಂದರೆ ಲೋಹಿತ್ ಕನ್ನಡ, ನವಿಲು, ಗುಬ್ಬಿ ಮೂರೂ ಬರುತ್ತವೆ. ಗುಬ್ಬಿಯ ರಂಗಗೀತೆಯನ್ನು ಗುಬ್ಬಿ ಎಂಬ ಹೆಸರಿನ ಫಾಂಟಿನಲ್ಲೇ ಅಚ್ಚು ಹಾಕುವ ಸಂತೋಷ ಲಿನಕ್ಸ್ ಬಳಸುವವರಿಗೆ ಪುಕ್ಕಟೆ ಸಿಗುತ್ತದೆ. ನೋಟೊ ಸೆರಿಫ್ ಕನ್ನಡ ಬೇಕಾದರೆ «ಫಾಂಟ್ಸ್-ನೋಟೊ-ಕೋರ್». ಫಾಂಟ್ ಹಾಕಿದ ಮೇಲೆ «ಎಫ್‌ಸಿ-ಕ್ಯಾಶ್ -ಎಫ್» ಕೊಟ್ಟು ಮ್ಯೂಸ್‌ಸ್ಕೋರ್ ಮುಚ್ಚಿ ತೆರೆಯಿರಿ.

ಮ್ಯೂಸ್‌ಸ್ಕೋರಿನ ಸಹಜ ಫಾಂಟ್ ಎಡ್ವಿನ್. ಅದರಲ್ಲಿ ಕನ್ನಡವಿಲ್ಲ. ಆದರೂ ಪರದೆಯಲ್ಲಿ ಕನ್ನಡ ಕಾಣುವುದು ಸಿಸ್ಟಮ್ ಬದಲಿ ಫಾಂಟ್ ಹುಡುಕಿ ಕೊಡುವುದರಿಂದ. ನಿಮ್ಮ ಯಂತ್ರದಲ್ಲಿ ಒಂದು ಬದಲಿ, ಪಕ್ಕದ ಯಂತ್ರದಲ್ಲಿ ಇನ್ನೊಂದು. ಅಳತೆ ವ್ಯತ್ಯಾಸವಾಗಿ ಸಾಲು ಮುರಿಯುವ ಜಾಗವೇ ಬದಲಾಗುತ್ತದೆ. ಹಾಗಾಗಿ ಫಾರ್ಮ್ಯಾಟ್ ಮೆನುವಿನ ಸ್ಟೈಲ್‌ನಲ್ಲಿ ಟೆಕ್ಸ್ಟ್ ಸ್ಟೈಲ್ಸ್ ತೆರೆದು ಲಿರಿಕ್ಸ್ ಆಡ್ ಲೈನ್ಸ್, ಲಿರಿಕ್ಸ್ ಈವನ್ ಲೈನ್ಸ್ ಎರಡಕ್ಕೂ ಕನ್ನಡ ಫಾಂಟನ್ನು ಹೆಸರಿಟ್ಟು ಆರಿಸಿ. ಒಂದಕ್ಕೆ ಮಾತ್ರ ಕೊಟ್ಟರೆ ಪಲ್ಲವಿ ಒಂದು ಮುಖ, ಚರಣ ಇನ್ನೊಂದು ಮುಖ.

ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಗೆರೆ, ಚುಕ್ಕಿ, ಟೋಪಿ ಹೊತ್ತ ಸಾಲು ಬಂದರೆ ಫಾಂಟಿನ ದೋಷವಲ್ಲ. ಹಾಡಿನ ಪಠ್ಯ ನುಡಿ ಅಥವಾ ಬರಹದ ಹಳೆಯ ಆಸ್ಕಿ ರೂಪದಲ್ಲಿದೆ. ಡಿಟಿಪಿ ಅಂಗಡಿಯಿಂದ ತಂದ ಫೈಲುಗಳಲ್ಲಿ ಇದು ಮಾಮೂಲು. ಅಲ್ಲಿರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿತ್ತು ಅಷ್ಟೆ. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಾಡಿಸಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು. ಪರಿವರ್ತಕಗಳು ಮುಗ್ಗರಿಸುವುದು ಈ ತಿರುವಿನಲ್ಲಿ.

ಚುಕ್ಕಿಗಳಿಂದಾದ ವೃತ್ತಕ್ಕೆ ಅಂಟಿಕೊಂಡ ಕೊಂಬು, ಇಳಿ, ಗುಡಿಸು ಕಂಡರೆ ಸ್ವರಚಿಹ್ನೆ ತನ್ನ ವ್ಯಂಜನದಿಂದ ಬೇರ್ಪಟ್ಟಿದೆ. ಹೈಫನ್ ತಪ್ಪಾದ ಜಾಗದಲ್ಲಿ ಬಿದ್ದಿದೆ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತರೂ ಅದೇ ಕಾರಣ. ಮ್ಯೂಸ್‌ಸ್ಕೋರಿನಲ್ಲಿ ಸಾಹಿತ್ಯ ಬರೆಯುವಾಗ ಹೈಫನ್ ಒತ್ತಿದರೆ ಮುಂದಿನ ಸ್ವರಕ್ಕೆ ಜಿಗಿಯುತ್ತದೆ. ಹೈಫನ್ನಿನ ಆಚೆ ಈಚೆ ಎರಡು ಬೇರೆ ಪಠ್ಯಗಳು, ಅವುಗಳ ನಡುವೆ ಒತ್ತಕ್ಷರ ಕೂಡುವುದಿಲ್ಲ. ದೇವರಾಯನದುರ್ಗ ಎಂಬುದನ್ನು ಏಳು ಸ್ವರಕ್ಕೆ ಹಂಚುವಾಗ ದೇ-ವ-ರಾ-ಯ-ನ-ದು-ರ್ಗ ಎಂದು ಬರೆದರೆ ಕೊನೆಯ ಅಕ್ಷರ ಅರ್ಕಾವತ್ತು ಸಮೇತ ಸರಿಯಾಗಿ ಬರುತ್ತದೆ. ದುರ್-ಗ ಎಂದು ಇಂಗ್ಲಿಷ್ ಸಿಲಬಲ್ ಲೆಕ್ಕದಲ್ಲಿ ಒಡೆದರೆ ಅರ್ಧ ರ್ ಒಂದು ಸ್ವರದ ಕೆಳಗೆ, ಬೋಳು ಗ ಇನ್ನೊಂದರ ಕೆಳಗೆ. ಕಲ್ಪತರು ಎಂದರೆ ಕ-ಲ್ಪ-ತ-ರು, ಕಲ್-ಪ ಅಲ್ಲ. ಹಾಡುವಾಗ ನಾವು ಕಲ್ ಎಂದೇ ಎಳೆಯುತ್ತೇವೆ, ನಿಜ. ಆದರೆ ಬರಹದಲ್ಲಿ ಅಕ್ಷರದ ಗಡಿ ಒಡೆಯಬಾರದು. ಓದುವ ಮಕ್ಕಳಿಗೂ ಅದೇ ಸಲೀಸು.

ಒತ್ತಕ್ಷರದ ಬಾಲ ಕೆಳಗಿನ ಚರಣದ ತಲೆಗೆ ತಾಗಿದರೆ ಸ್ಟೈಲ್‌ನ ಲಿರಿಕ್ಸ್ ಪುಟದಲ್ಲಿ ಲೈನ್ ಹೈಟ್ ಹೆಚ್ಚಿಸಿ. ಸಹಜ ಅಳತೆ ಇಂಗ್ಲಿಷಿಗೆ ಹೊಲಿದದ್ದು.

ಇನ್ನು ಕನ್ನಡ ಟೈಪಿಸಲೇ ಆಗದಿದ್ದರೆ: ಬೇರೆಡೆ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಟೈಪಿಂಗ್ ಸಾಧನದಲ್ಲಿ ಕನ್ನಡ ಬರುತ್ತದೆ, ಮ್ಯೂಸ್‌ಸ್ಕೋರಿನಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತದೆ. ಆಪ್‌ಇಮೇಜ್ ತನ್ನದೇ ಕ್ಯೂಟಿಯನ್ನು ಹೊತ್ತು ತರುವುದರಿಂದ ನಿಮ್ಮ ಸಿಸ್ಟಮ್‌ನಲ್ಲಿರುವ ಇನ್‌ಪುಟ್ ಪ್ಲಗಿನ್ ಅದರ ಕಣ್ಣಿಗೆ ಬೀಳದಿರಬಹುದು. ಇದಕ್ಕೆ ಗಟ್ಟಿ ಪರಿಹಾರ ಎಂದರೆ ಐಬಸ್ಸಿನ ಗೊಡವೆಯೇ ಇಲ್ಲದ ಕೀಲಿಮಣೆ ವಿನ್ಯಾಸ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಕಗಪ ಫೊನೆಟಿಕ್ ಸೇರಿಸಿ. ನುಡಿ ಬಳಸಿದವರಿಗೆ ಬೆರಳು ತಾನೇ ಓಡುತ್ತದೆ, ಹೆಚ್ಚುಕಡಿಮೆ ಅದೇ ವಿನ್ಯಾಸ. ಅದೂ ಬೇಡವೆಂದರೆ ಟೆಕ್ಸ್ಟ್ ಎಡಿಟರಿನಲ್ಲಿ ಅಕ್ಷರಗಳ ನಡುವೆ ಹೈಫನ್, ಪದಗಳ ನಡುವೆ ಸ್ಪೇಸ್ ಹಾಕಿ ಪೂರ್ತಿ ಸಾಹಿತ್ಯ ಬರೆದು ನಕಲಿಸಿ. ಮ್ಯೂಸ್‌ಸ್ಕೋರಿನಲ್ಲಿ ಮೊದಲ ಸ್ವರ ಆರಿಸಿ ಕಂಟ್ರೋಲ್ ಎಲ್, ಆಮೇಲೆ ಕಂಟ್ರೋಲ್ ವಿ ಒತ್ತುತ್ತಾ ಹೋಗಿ. ಒತ್ತಿದಷ್ಟು ಸಲ ಒಂದೊಂದು ಅಕ್ಷರ ತನ್ನ ಸ್ವರದ ಕೆಳಗೆ ಇಳಿಯುತ್ತದೆ. ದೊಡ್ಡ ಹಾಡಿಗೆ ಇದೇ ಎಲ್ಲಕ್ಕಿಂತ ಬೇಗ.

ಲಿಲಿಪಾಂಡ್

«ಪ್ರೋಗ್ರಾಮ್ ಟೂ ಓಲ್ಡ್: 2.22.1, ಫೈಲ್ ರಿಕ್ವೈರ್ಸ್: 2.24.0» ಎಂದರೆ ಉಬುಂಟು 22.04ರ ಭಂಡಾರದ ಲಿಲಿಪಾಂಡ್ ಹಳೆಯದು, ಫೈಲು ಹೊಸದು. ಕನ್ವರ್ಟ್-ಎಲ್‌ವೈ ಹಳೆಯ ಫೈಲನ್ನು ಹೊಸದಕ್ಕೆ ಏರಿಸುತ್ತದೆ, ಹೊಸದನ್ನು ಹಳೆಯದಕ್ಕೆ ಇಳಿಸುವುದಿಲ್ಲ. ಅಧಿಕೃತ 2.24 ಕಟ್ಟನ್ನು ಇಳಿಸಿ, ಹೋಮ್ ಫೋಲ್ಡರಿನಲ್ಲಿ ಬಿಚ್ಚಿ, ಅದರೊಳಗಿನ ಬಿನ್/ಲಿಲಿಪಾಂಡ್ ಬಳಸಿ. ಇನ್‌ಸ್ಟಾಲ್ ಎಂಬ ಹೆಜ್ಜೆಯೇ ಇಲ್ಲ. ಹೊಸದು ಹಾಕಿಯೂ ಅದೇ ದೂರು ಬರುತ್ತಿದ್ದರೆ «ವಿಚ್ -ಎ ಲಿಲಿಪಾಂಡ್» ಕೊಡಿ. ಹಳೆಯದೇ ಮೊದಲು ಸಿಗುತ್ತಿದೆ. ಫ್ರೆಸ್ಕೊಬಾಲ್ಡಿಯಲ್ಲಿ ಪ್ರಿಫರೆನ್ಸಸ್, ಲಿಲಿಪಾಂಡ್ ಪ್ರಿಫರೆನ್ಸಸ್ ತೆರೆದು ಹೊಸದರ ಪೂರ್ತಿ ದಾರಿಯನ್ನು ಸೇರಿಸಿ ಅದನ್ನೇ ಡಿಫಾಲ್ಟ್ ಮಾಡಿ.

ಫಾಂಟ್ ಹಾಕಿದ ಮೇಲೆ ಮೊದಲ ಸಲ ಲಿಲಿಪಾಂಡ್ ಬಹಳ ಹೊತ್ತು ಸುಮ್ಮನೆ ಕೂತರೆ ನಿಲ್ಲಿಸಬೇಡಿ, ಅದು ಫಾಂಟುಗಳ ಪಟ್ಟಿ ಕಟ್ಟುತ್ತಿದೆ. ಫಾಂಟಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಲಿಲಿಪಾಂಡ್ ಹೇಳದೆ ಬೇರೆ ಫಾಂಟ್ ಹಾಕಿಬಿಡುತ್ತದೆ. «ಎಫ್‌ಸಿ-ಮ್ಯಾಚ್» ಮುಂದೆ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ನಿಜವಾಗಿ ಯಾವುದು ಸಿಗುತ್ತದೆಂದು ತಿಳಿಯುತ್ತದೆ. ಅಕ್ಷರ ಜೋಡಿಸಲು ಎರಡು ಹೈಫನ್ ಬೇಕು, ಅವುಗಳ ಎರಡೂ ಬದಿ ಸ್ಪೇಸ್ ಇರಲೇಬೇಕು. ಸ್ಪೇಸ್ ಬಿಟ್ಟರೆ ಇಡೀ ಪದ ಒಂದೇ ಸ್ವರದ ಕೆಳಗೆ ಗುಡ್ಡೆಯಾಗುತ್ತದೆ.

ಅಚ್ಚಿಗೆ ಒಯ್ಯುವ ಮೊದಲು

ನಿಮ್ಮ ಪರದೆಯಲ್ಲಿ ಸರಿಯಿದ್ದ ಪಿಡಿಎಫ್ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬಂದರೆ ಫಾಂಟ್ ಫೈಲಿನೊಳಗೆ ಸೇರಿಲ್ಲ. «ಸುಡೊ ಆಪ್ಟ್ ಇನ್‌ಸ್ಟಾಲ್ ಪಾಪ್ಲರ್-ಯುಟಿಲ್ಸ್» ಹಾಕಿ, «ಪಿಡಿಎಫ್‌ಫಾಂಟ್ಸ್» ಮುಂದೆ ಫೈಲಿನ ಹೆಸರು ಕೊಡಿ. ಇಎಂಬಿ ಎಂಬ ಕಂಬದಲ್ಲಿ ಪ್ರತಿ ಸಾಲಿಗೂ ಯೆಸ್ ಇರಬೇಕು. ಕನ್ನಡ ಫಾಂಟಿನ ಮುಂದೆ ನೋ ಇದ್ದರೆ ಆ ಫಾಂಟ್ ಬಿಟ್ಟು ನೋಟೊ ಅಥವಾ ಗುಬ್ಬಿಗೆ ಬದಲಿಸಿ ಮತ್ತೆ ಪಿಡಿಎಫ್ ಮಾಡಿ. ಪಟ್ಟಿಯಲ್ಲಿ ಕನ್ನಡ ಫಾಂಟಿನ ಹೆಸರೇ ಇಲ್ಲದೆ ಗುರುತಿಲ್ಲದ ಇನ್ನಾವುದೋ ಇದ್ದರೆ ಲಿರಿಕ್ಸ್ ಈವನ್ ಲೈನ್ಸ್ ಬಿಟ್ಟುಹೋಗಿದೆಯೇ ನೋಡಿ. ಅಲ್ಲೂ ಸರಿಯಿದ್ದರೆ ಹಾಡಿನ ಶೀರ್ಷಿಕೆ. ಅದಕ್ಕೆ ಟೈಟಲ್ ಎಂಬ ಬೇರೆಯೇ ಸ್ಟೈಲ್ ಇದೆ, ಅದರಲ್ಲಿ ಎಡ್ವಿನ್ ಹಾಗೇ ಉಳಿದಿರುತ್ತದೆ.